ತಾವರೆ ಹೊಂಡದ ಪಾಚಿಗೆ ಮೈಲುತುತ್ತ ಹಾಕಬಹುದೇ?

ತಾವರೆ ಗೆಡ್ಡೆ ನೆಟ್ಟು ಒಂದೂವರೆ ತಿಂಗಳಾದ ಹೊಂಡದಲ್ಲಿ ಪಾಚಿ ದಟ್ಟವಾಗಿದೆ, ತೋಟಕ್ಕೆ ತಂದಿಟ್ಟ ಮೈಲುತುತ್ತವನ್ನೇ (ತಾಮ್ರದ ಸಲ್ಫೇಟ್) ಸ್ವಲ್ಪ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಅಡಿಕೆ ತೋಟದ ಕೆಳಗಿನ ಹೊಂಡದಲ್ಲಿ ತಾವರೆ ಬೆಳೆಯುವ ನಾನು ಒಮ್ಮೆ ಹಾಗೆ ಮಾಡಿ, ಬೆಳಗಾಗುವಷ್ಟರಲ್ಲಿ ಮೀನುಗಳನ್ನೆಲ್ಲ ಕಳೆದುಕೊಂಡಿದ್ದೇನೆ. ಸುಣ್ಣದ ಅಂಶ ಕಡಿಮೆಯಿರುವ ಮೆದು ನೀರಿನಲ್ಲಿ ತಾಮ್ರದ ವಿಷ ಹೆಚ್ಚು ತೀಕ್ಷ್ಣವಾಗಿರುತ್ತದೆ. ಅದರ ಮೇಲೆ, ಒಮ್ಮೆಲೇ ಸತ್ತ ಪಾಚಿ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೂ ಬರಿದುಮಾಡುತ್ತದೆ.

ನೀರನ್ನು ಹಸಿರಾಗಿಸುವ ಸೂಕ್ಷ್ಮ ಪಾಚಿಗಿಂತ ಕೂದಲೆಳೆಯಂಥ ಪಾಚಿಯೇ ತಾವರೆಗೆ ದೊಡ್ಡ ಶತ್ರು ಎಂಬುದು ನನ್ನ ಅನುಭವ. ಅದು ತಳದ ಕೆಸರಿನಲ್ಲಿ ಹುಟ್ಟಿ, ಬಿಸಿಲೇರಿದಂತೆ ತಾನೇ ಬಿಟ್ಟ ಆಮ್ಲಜನಕದ ಗುಳ್ಳೆಗಳನ್ನು ಎಳೆಗಳ ನಡುವೆ ಹಿಡಿದುಕೊಂಡು, ಒದ್ದೆ ಹತ್ತಿಯ ಮುದ್ದೆಯಂತೆ ಮೇಲೇಳುತ್ತದೆ. ಆಗಷ್ಟೇ ನೀರಿನ ಮೇಲಕ್ಕೆ ಬರುತ್ತಿರುವ ನಾಣ್ಯದಗಲದ ಎಳೆ ಎಲೆಗಳು ಅದರಲ್ಲಿ ಸಿಲುಕಿದರೆ ಬಿಚ್ಚಿಕೊಳ್ಳಲಾರದೆ ಹಳದಿಯಾಗಿ ಕೊಳೆಯುತ್ತವೆ. ತಾವರೆಯ ದಂಟನ್ನು ಅಡ್ಡಲಾಗಿ ಕತ್ತರಿಸಿ ನೋಡಿ, ಒಳಗೆ ಸಾಲಾಗಿ ರಂಧ್ರಗಳು ಕಾಣುತ್ತವೆ. ಕೆಸರಿನಲ್ಲಿರುವ ಗೆಡ್ಡೆಗೆ ಗಾಳಿ ಇಳಿಯುವುದು ಆ ಕೊಳವೆಗಳಿಂದಲೇ, ಆದ್ದರಿಂದ ಮೊದಲ ಎಲೆಗಳು ಮೇಲೆ ಬರದಿದ್ದರೆ ಗೆಡ್ಡೆಯೂ ಸೊರಗುತ್ತದೆ.

ಪಾಚಿ ಇಷ್ಟು ಹೆಚ್ಚಲು ಕಾರಣ ಬಹುಮಟ್ಟಿಗೆ ನಾವು ಹಾಕುವ ಗೊಬ್ಬರವೇ. ಡಿಎಪಿಯನ್ನಾಗಲಿ ಹಸಿ ಸಗಣಿಯನ್ನಾಗಲಿ ನೀರಿಗೆ ಎರಚಿದರೆ, ಬೇರಿಗೆ ತಲುಪುವ ಮೊದಲೇ ಅದನ್ನು ಪಾಚಿ ಉಣ್ಣುತ್ತದೆ. ನಾನು ಈಗ ಗೊಬ್ಬರವನ್ನು ಜೇಡಿಮಣ್ಣಿನ ಉಂಡೆಯೊಳಗಿಟ್ಟು, ಒಣಗಿಸಿ, ಗೆಡ್ಡೆಯ ಬಳಿ ಕೆಸರಿನಲ್ಲಿ ಗೇಣುದ್ದ ಆಳಕ್ಕೆ ಒತ್ತುತ್ತೇನೆ, ಅದೂ ಮೂರ್ನಾಲ್ಕು ಎಲೆ ನಿಂತ ಮೇಲೆ. ಸದ್ಯಕ್ಕೆ ನೀವು ಬಿದಿರು ಕೋಲಿಗೆ ಪಾಚಿಯನ್ನು ಸುತ್ತಿಸಿ, ಎಳೆ ದಂಟುಗಳ ಹತ್ತಿರ ಮಾತ್ರ ಕೈಯಿಂದಲೇ ಬಿಡಿಸಿ, ಎರಡು ಮೂರು ದಿನಕ್ಕೊಮ್ಮೆ ತೆಗೆಯುತ್ತಿರಿ. ತೆಗೆದದ್ದನ್ನು ದಂಡೆಯಲ್ಲೇ ಬಿಟ್ಟರೆ ಮಳೆಗೆ ಅದರ ಸಾರವೆಲ್ಲ ಮತ್ತೆ ಹೊಂಡಕ್ಕೇ ಇಳಿಯುತ್ತದೆ, ಗೊಬ್ಬರದ ಗುಂಡಿಗೆ ಹಾಕಿ. ಎಲೆಗಳು ನೀರಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿದರೆ ಬೆಳಕು ಸಿಗದೆ ಪಾಚಿ ಬಹುತೇಕ ತಾನಾಗಿಯೇ ಹಿಂದೆ ಸರಿಯುತ್ತದೆ.

ಪಾಚಿ ತಿನ್ನಲು ಹುಲ್ಲುಗೆಂಡೆ ಮೀನು ಬಿಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ತಾವರೆಯ ಎಳೆ ಚಿಗುರನ್ನೂ ಬಿಡುವುದಿಲ್ಲ.