ಹಳೆಯ ನಿಕಾನ್ ಡಿ3200 ತಗೊಳ್ಳಲಾ, ಕ್ಯಾನನ್ 1200ಡಿ ತಗೊಳ್ಳಲಾ? ಯಕ್ಷಗಾನ, ಕಂಬಳ, ಕಡಲು, ಸ್ವಲ್ಪ ವೀಡಿಯೊ

ನೀವು ಕೇಳಿದ್ದು ಇಷ್ಟು. ಮಂಗಳೂರಿನಲ್ಲಿ ಓದುತ್ತಿದ್ದೀರಿ, ಬಜೆಟ್ ಬಿಗಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಡಿ3200, 1200ಡಿ ಎರಡೂ ಕ್ಯಾಮೆರಾಗಳು ಹೆಚ್ಚುಕಮ್ಮಿ ಒಂದೇ ರೇಟಿಗೆ ಸಿಗುತ್ತಿವೆ. ರಾತ್ರಿ ಆಟಕ್ಕೆ, ಅಂದರೆ ಯಕ್ಷಗಾನಕ್ಕೆ ಹೋಗಿ ಫೋಟೊ ತೆಗೆಯಬೇಕು, ಕಂಬಳಕ್ಕೂ ಹೋಗಬೇಕು, ಕಡಲ ಬದಿ ಸುತ್ತಬೇಕು, ಆಗಾಗ ವೀಡಿಯೊ ಕೂಡ ಮಾಡಬೇಕು. ಯಾವುದು ತಗೊಳ್ಳಲಿ?

ನಾನು ಉಡುಪಿಯವನು. ನನ್ನ ಹತ್ತಿರ ಡಿ3200 ಇದೆ, ಭಾವನ ಹತ್ತಿರ 1200ಡಿ. ಆಟಕ್ಕೆ ಹೋಗುವುದು ಇಬ್ಬರೂ ಒಟ್ಟಿಗೇ. ಅರ್ಧ ರಾತ್ರಿ ಅವರದ್ದು ನಾನು, ನನ್ನದು ಅವರು ಹಿಡಿದುಕೊಂಡು ಕೂತದ್ದೂ ಇದೆ. ಹಾಗಾಗಿ ಎರಡರ ಮೇಲೂ ನನಗೆ ಒಂದಷ್ಟು ದೂರುಗಳಿವೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಆಟ ಮುಖ್ಯ ಅಂತಾದರೆ ಕ್ಯಾನನ್. ಕಡಲು, ಬಂಡೆ, ಸೂರ್ಯಾಸ್ತ ಮುಖ್ಯ ಅಂತಾದರೆ ನಿಕಾನ್. ಕಂಬಳಕ್ಕೆ ಎರಡೂ ಆದೀತು, ನಿಕಾನ್ ಒಂದು ಕೂದಲೆಳೆ ಮುಂದೆ. ವೀಡಿಯೊ ವಿಷಯ ಸ್ವಲ್ಪ ಗೋಜಲು, ಕೊನೆಗೆ ಹೇಳುತ್ತೇನೆ.

ಕಾಗದದ ಮೇಲೆ ನೋಡಿದರೆ ನಿಕಾನ್ ಗೆಲ್ಲುತ್ತದೆ. ಡಿ3200 ಬಂದದ್ದು 2012ರಲ್ಲಿ, 24 ಮೆಗಾಪಿಕ್ಸೆಲ್, ಸೆಕೆಂಡಿಗೆ 4 ಫೋಟೊ. 1200ಡಿ ಬಂದದ್ದು 2014ರಲ್ಲಿ, 18 ಮೆಗಾಪಿಕ್ಸೆಲ್, ಸೆಕೆಂಡಿಗೆ 3. ಎರಡು ವರ್ಷ ಹೊಸದು ಅಂತ ಕ್ಯಾನನ್ ಮೇಲೆ ಆಸೆಪಡಬೇಡಿ. ಅದರೊಳಗಿನ ಡಿಜಿಕ್ 4 ಪ್ರೊಸೆಸರ್ 2008ರಿಂದ ಓಡುತ್ತಿದ್ದದ್ದು. ಹಿಂದಿನ ಸ್ಕ್ರೀನ್ ಕೂಡ ನಿಕಾನ್‌ನದ್ದೇ ಚೊಕ್ಕ. ಎರಡರಲ್ಲೂ ವೈಫೈ ಇಲ್ಲ. ಫೋಟೊ ಫೋನಿಗೆ ಬರಬೇಕಾದರೆ ಕಾರ್ಡ್ ರೀಡರ್ ಒಂದು ಜೇಬಿನಲ್ಲಿರಲಿ.

ಹಾಗಿದ್ದರೆ ಆಟಕ್ಕೆ ಕ್ಯಾನನ್ ಯಾಕೆ? ಲೆನ್ಸಿಗಾಗಿ.

ಬಯಲಾಟದ ರಂಗಸ್ಥಳ ಕಣ್ಣಿಗೆ ಝಗಝಗ ಕಾಣುತ್ತದೆ. ಕ್ಯಾಮೆರಾಕ್ಕೆ ಅದು ಕತ್ತಲೆಯೇ. ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ಜೊತೆ ಬರುವ 18-55 ಕಿಟ್ ಲೆನ್ಸನ್ನು 55ಕ್ಕೆ ಝೂಮ್ ಮಾಡಿದರೆ ಅದು ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ. ಅದೇ ಜಾಗದಲ್ಲಿ ಎಫ್ 1.8ರ 50 ಎಂಎಂ ಹಾಕಿದರೆ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಹತ್ತು ಪಟ್ಟು! ಯಾವ ಬಾಡಿ ಬದಲಾಯಿಸಿದರೂ ಇಷ್ಟು ವ್ಯತ್ಯಾಸ ಸಿಗಲಿಕ್ಕಿಲ್ಲ. ಕಿಟ್ ಲೆನ್ಸಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400ಕ್ಕೆ ಏರಿಸಿದರೂ ವೇಷದ ಮುಖ ಕಲಸಿಹೋಗುತ್ತದೆ. 50 ಎಂಎಂನಲ್ಲಿ ಐಎಸ್‌ಒ 1600, ಶಟರ್ 250ರಲ್ಲೊಂದು, ಎಫ್ 2ರ ಹತ್ತಿರ ಇಟ್ಟು ಶುರು ಮಾಡಿ, ಮೇಳದ ಲೈಟ್ ನೋಡಿಕೊಂಡು ಹೆಚ್ಚುಕಡಿಮೆ ಮಾಡಬಹುದು.

ಈಗ ನಾನು ಮೋಸಹೋದ ಕಥೆ. ಡಿ3200 ತಗೊಂಡ ಮೊದಲ ವರ್ಷ. ಒಂದು ಅಂಗಡಿಯಲ್ಲಿ ಹಳೆಯ ನಿಕಾನ್ 50 ಎಂಎಂ 1.8 ಡಿ ಲೆನ್ಸ್ ಒಳ್ಳೆಯ ರೇಟಿಗೆ ಸಿಕ್ಕಿತು. 'ನಿಕಾನ್‌ಗೆ ನಿಕಾನ್ ಲೆನ್ಸ್ ಕೂತೇ ಕೂರುತ್ತದೆ, ಮಾರಾಯ್ರೆ' ಅಂದರು ಅಂಗಡಿಯವರು. ಸುಳ್ಳಲ್ಲ, ಕೂತಿತು. ಫೋಕಸ್ ಮಾತ್ರ ಆಗಲಿಲ್ಲ. ನಿಕಾನ್‌ನ ಆ ಕಾಲದ ಲೆನ್ಸುಗಳ ಒಳಗೆ ಮೋಟಾರ್ ಇಲ್ಲ. ಬಾಡಿಯೊಳಗಿನ ಮೋಟಾರ್ ಒಂದು ಸಣ್ಣ ತಿರುಪಿನಿಂದ ಲೆನ್ಸನ್ನು ತಿರುಗಿಸಬೇಕು. ಡಿ3200ರಂಥ ಕೆಳಗಿನ ಮಾಡೆಲ್‌ಗಳಲ್ಲಿ ಖರ್ಚು ಉಳಿಸಲು ಆ ಮೋಟಾರನ್ನೇ ಬಿಟ್ಟಿದ್ದಾರೆ. ಇದು ನನಗೆ ಗೊತ್ತಾದದ್ದು ಗದ್ದೆಯಲ್ಲಿ ಕೂತ ಮೇಲೆ, ಅಭಿಮನ್ಯು ದಿಗಿಣ (ಹಾರಿ ಗಿರಗಿರನೆ ಸುತ್ತುವ ಕುಣಿತ) ಹಾಕಲು ಶುರುಮಾಡಿದಾಗ.

ಕೈಯಲ್ಲೇ ಫೋಕಸ್ ರಿಂಗ್ ತಿರುಗಿಸಿದೆ. ವ್ಯೂಫೈಂಡರಿನ ಮೂಲೆಯಲ್ಲಿ ಫೋಕಸ್ ಸರಿಯಾದಾಗ ಒಂದು ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತದೆ. ಅದು ಹೊತ್ತಿ ನನ್ನ ಬೆರಳು ಒತ್ತುವಷ್ಟರಲ್ಲಿ ಅಭಿಮನ್ಯು ರಂಗಸ್ಥಳದ ಆ ಕಡೆ. ಬೆಳಗಿನವರೆಗೆ ಇನ್ನೂರಕ್ಕೂ ಹೆಚ್ಚು ಫೋಟೊ ತೆಗೆದೆ. ಚೊಕ್ಕ ಬಂದದ್ದು ಹನ್ನೊಂದು, ಅದರಲ್ಲಿ ನಾಲ್ಕು ಭಾಗವತರದ್ದು. ಅವರು ಕೂತಲ್ಲೇ ಕೂತಿರುತ್ತಾರಲ್ಲ! ಪಕ್ಕದಲ್ಲಿ ಭಾವ ಅವರ ಪ್ಲಾಸ್ಟಿಕ್ 50 ಎಂಎಂ ಹಾಕಿಕೊಂಡು ಟಕ್ ಟಕ್ ಅಂತ ತೆಗೆಯುತ್ತಿದ್ದರು.

ಕ್ಯಾನನ್‌ನಲ್ಲಿ ಈ ತಲೆನೋವೇ ಇಲ್ಲ. 1987ರಲ್ಲಿ ಇಎಫ್ ಮೌಂಟ್ (ಬಾಡಿಗೆ ಲೆನ್ಸ್ ಕೂರುವ ಜಾಗ) ತಂದಾಗಲೇ ಮೋಟಾರನ್ನು ಲೆನ್ಸಿನೊಳಗೆ ಇಟ್ಟುಬಿಟ್ಟರು. ಆವತ್ತಿನ ಇಎಫ್ ಲೆನ್ಸ್ ತಂದು ಇವತ್ತು 1200ಡಿಗೆ ಹಾಕಿದರೂ ಆಟೊಫೋಕಸ್ ನಡೆಯುತ್ತದೆ. ಕ್ಯಾನನ್ 50 ಎಂಎಂ 1.8ರಲ್ಲಿ ಹಳೆಯ ಎರಡನೇ ಆವೃತ್ತಿ ಹಗುರ, ಹಿಡಿದರೆ ಆಟಿಕೆಯ ಹಾಗಿದೆ, ಫೋಕಸ್ ಆಗುವಾಗ ಗರ್ ಗರ್ ಅನ್ನುತ್ತದೆ. ಚೆಂಡೆಯ ಮುಂದೆ ಅದೆಲ್ಲ ಯಾರಿಗೆ ಕೇಳಬೇಕು? ಕೈಗೆಟಕಿದರೆ 2015ರ ಎಸ್‌ಟಿಎಂ ಆವೃತ್ತಿ ಹುಡುಕಿ, ಅದು ಗಟ್ಟಿ ಮತ್ತು ಮೆತ್ತಗೆ ಕೆಲಸ ಮಾಡುತ್ತದೆ. ನಿಕಾನ್‌ನಲ್ಲೂ ದಾರಿ ಇದೆ. ಹೆಸರಿನಲ್ಲಿ ಎಎಫ್-ಎಸ್ ಅಂತ ಇರುವ 50 ಎಂಎಂ 1.8 ಜಿ ಅಥವಾ 35 ಎಂಎಂ 1.8 ಜಿ ತಗೊಳ್ಳಬೇಕು. ನನ್ನ ಹತ್ತಿರ ಈಗ ಇರುವುದು ಆ 35. ಬಹಳ ಒಳ್ಳೆಯ ಲೆನ್ಸ್. ಆದರೆ ಹಳೆಯ ಮಾಲಿನ ಮಾರುಕಟ್ಟೆಯಲ್ಲಿ ಕ್ಯಾನನ್ 50ರಷ್ಟು ಅಗ್ಗಕ್ಕೆ, ಅಷ್ಟು ಸುಲಭಕ್ಕೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ನಿಮ್ಮ ಬಜೆಟ್ ಬಿಗಿ ಅಂದಿರಿ, ಅದಕ್ಕೇ ಇಷ್ಟು ಒತ್ತಿ ಹೇಳುವುದು.

ಆಟಕ್ಕೆ ಇನ್ನೊಂದೆರಡು ಮಾತು. ಎರಡೂ ಬಾಡಿಯಲ್ಲಿ ನಡುವಿನ ಫೋಕಸ್ ಪಾಯಿಂಟ್ ಒಂದೇ ಕತ್ತಲಲ್ಲಿ ನಂಬುವಂಥದ್ದು. ನಿಕಾನ್‌ನ 11, ಕ್ಯಾನನ್‌ನ 9 ಅನ್ನುವ ಲೆಕ್ಕ ಬಿಡಿ, ನಡುವಿನದ್ದನ್ನು ಮಾತ್ರ ಇಟ್ಟುಕೊಳ್ಳಿ. ಹಿಂದೆ ಕಪ್ಪು ಕತ್ತಲು, ಮುಂದೆ ಬಣ್ಣ ಬಳಿದ ಮುಖ. ಮೀಟರ್ ಕತ್ತಲನ್ನು ನೋಡಿ ಮುಖವನ್ನು ಸುಣ್ಣ ಮಾಡುತ್ತದೆ. ನಿಕಾನ್‌ನಲ್ಲಿ ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕನ್ನು ಮಾತ್ರ ಅಳೆಯುವುದು) ಇದೆ, 1200ಡಿಯಲ್ಲಿ ಇಲ್ಲ. ಮ್ಯಾನ್ಯುವಲ್‌ನಲ್ಲಿ ಒಮ್ಮೆ ಹೊಂದಿಸಿಕೊಂಡರೆ ಈ ಕೊರತೆ ಕಾಡುವುದಿಲ್ಲ, ಯಾಕೆಂದರೆ ರಂಗಸ್ಥಳದ ಬೆಳಕು ಅಷ್ಟಾಗಿ ಬದಲಾಗುವುದಿಲ್ಲ. ನಿಕಾನ್ ತಗೊಂಡರೆ ಮೆನುವಿಗೆ ಹೋಗಿ ಆಟೊಫೋಕಸ್ ಸಹಾಯದ ಲೈಟನ್ನು ಮೊದಲ ದಿನವೇ ಆಫ್ ಮಾಡಿ. ಕತ್ತಲಾದರೆ ಅದು ತಾನಾಗಿ ಟಾರ್ಚಿನ ಹಾಗೆ ಹೊತ್ತಿಕೊಳ್ಳುತ್ತದೆ. ಆಟದಲ್ಲಿ ಕಲಾವಿದರ ಕಣ್ಣಿಗೆ ಹೊಡೆಯುತ್ತದೆ. ಭೂತಕೋಲಕ್ಕೆ ಹೋದಾಗಲಂತೂ ಬೈಗುಳ ಗ್ಯಾರಂಟಿ, ಅಲ್ಲಿ ಮನೆಯವರನ್ನು ಕೇಳದೆ ಕ್ಯಾಮೆರಾ ತೆಗೆಯಲೇ ಬೇಡಿ.

ಕಂಬಳಕ್ಕೆ ಬೇಕಾದದ್ದು ಉದ್ದ ಲೆನ್ಸ್ ಮತ್ತು ವೇಗದ ಶಟರ್. ಹಗಲು ಬೆಳಕು ಧಾರಾಳ ಇರುವುದರಿಂದ ಎಫ್ 5.6 ಆದರೂ ಸಾಕು, 1000ದಲ್ಲೊಂದು ಸೆಕೆಂಡ್ ಸಿಗುತ್ತದೆ. ಕ್ಯಾನನ್‌ಗೆ 55-250, ನಿಕಾನ್‌ಗೆ 55-200 ಅಥವಾ 55-300. ಗಂತಿನಿಂದ (ಓಟ ಶುರುವಾಗುವ ಕಡೆಯಿಂದ) ಬಿಟ್ಟ ಕೋಣಗಳು ಮಂಜೊಟ್ಟಿಯ (ಓಟ ಮುಗಿಯುವ ಜಾಗದ) ಕಡೆಗೆ ನುಗ್ಗಿ ಬರುವಾಗ ಎದುರಿನಿಂದ ತೆಗೆದರೆ ಕೆಸರು ನೀರು ರೆಕ್ಕೆ ಬಿಚ್ಚಿದ ಹಾಗೆ ಕಾಣುತ್ತದೆ. ಇದರಲ್ಲಿ ಸೆಕೆಂಡಿಗೆ 3 ಅಥವಾ 4 ಫೋಟೊ ಅನ್ನುವುದು ದೊಡ್ಡ ಮಾತಲ್ಲ, ಒತ್ತುವ ಕ್ಷಣ ಗೊತ್ತಿರಬೇಕು. ನಿಕಾನ್‌ನ ಲಾಭ ಬೇರೆ ಕಡೆ ಇದೆ. ಜನರ ನಡುವೆ ನುಗ್ಗಿ ಮುಂದೆ ಹೋಗಲು ಆಗದಿದ್ದರೆ ದೂರದಿಂದ ತೆಗೆದು, ಮನೆಗೆ ಬಂದು ಅರ್ಧ ಕತ್ತರಿಸಿದರೂ 24 ಮೆಗಾಪಿಕ್ಸೆಲ್‌ನಲ್ಲಿ 12 ಉಳಿಯುತ್ತದೆ. ಕನೆಹಲಗೆಯಲ್ಲಿ (ಹಲಗೆಯ ಮೇಲೆ ನಿಂತು ಕೋಣ ಓಡಿಸಿ ನೀರು ಚಿಮ್ಮಿಸುವ ವಿಭಾಗ) ನೀರು ನಿಶಾನೆಯವರೆಗೆ (ಮೇಲೆ ಕಟ್ಟಿದ ಗುರುತಿನ ಬಟ್ಟೆ) ಚಿಮ್ಮುವುದನ್ನು ತೆಗೆಯುವಾಗ ಮಾತ್ರ ಕ್ಯಾಮೆರಾವನ್ನು ನಿಲ್ಲಿಸಿ ಹಿಡಿಯಿರಿ, ಮೇಲೆ ಜಾಗ ಬಿಡಿ. ಎರಡೂ ಬಾಡಿಗೆ ನೀರಿನಿಂದ ರಕ್ಷಣೆ ಇಲ್ಲ. ಒಂದು ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ.

ಇಲ್ಲಿ ನಿಕಾನ್‌ನವರ ಇನ್ನೊಂದು ಗುಂಡಿ ಇದೆ. ಎಎಫ್-ಪಿ ಅಂತ ಬರೆದಿರುವ ಲೆನ್ಸುಗಳು ಹೊಸವು, ಚಂದ, ಅಗ್ಗ. ಡಿ3200ರಲ್ಲಿ ಅವು ಫೋಕಸ್ ಆಗುವುದೇ ಇಲ್ಲ. ಕೈಯಲ್ಲಿ ತಿರುಗಿಸಿದರೂ ಆಗುವುದಿಲ್ಲ, ಯಾಕೆಂದರೆ ಆ ರಿಂಗ್ ಕೆಲಸ ಮಾಡಬೇಕಾದರೂ ಬಾಡಿಯ ಅಪ್ಪಣೆ ಬೇಕು. ಬೇರೆ ಕ್ಯಾಮೆರಾದ ಎಎಫ್-ಪಿ ಕಿಟ್ ಲೆನ್ಸನ್ನು ಡಿ3200 ಬಾಡಿಗೆ ಸಿಕ್ಕಿಸಿ ಯಾರಾದರೂ ಮಾರುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಕ್ಯಾನನ್ ಕಡೆ ನೋಡಬೇಕಾದದ್ದು ಒಂದೇ: ಕಿಟ್ ಲೆನ್ಸಿನ ಮೇಲೆ ಐಎಸ್ ಅಂತ ಇದೆಯಾ ಅಂತ. ಕೈ ನಡುಕ ತಡೆಯುವ ಆ ವ್ಯವಸ್ಥೆ ಇಲ್ಲದ 18-55 ಕೂಡ ತುಂಬ ಓಡಾಡುತ್ತಿದೆ.

ಕಡಲಿನ ವಿಷಯಕ್ಕೆ ಬಂದರೆ ನಾನು ನಿಕಾನ್ ಪಕ್ಷ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದರೆ ಆ ಕಂಬ ಕಂಬದ ಬಂಡೆಗಳು ಕಪ್ಪು, ಹಿಂದಿನ ಆಕಾಶ ಬೆಳ್ಳಗೆ. ಕಾಪುವಿನಲ್ಲಿ ಸಂಜೆ 1901ರ ದೀಪಸ್ತಂಭದ ಕೆಳಗೂ ಹಾಗೇ. ಆಕಾಶ ಸುಟ್ಟುಹೋಗದ ಹಾಗೆ ತೆಗೆದರೆ ಬಂಡೆ ಇದ್ದಿಲಾಗುತ್ತದೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ನೆರಳನ್ನು ಮೇಲೆತ್ತಬೇಕು. ಸೆನ್ಸರಿನ ಕಚ್ಚಾ ಮಾಹಿತಿ ಉಳಿಸುವ ರಾ ಫೈಲ್‌ನಲ್ಲಿ ತೆಗೆದಿದ್ದರೆ ಡಿ3200 ಇದನ್ನು ಸಲೀಸಾಗಿ ತಾಳಿಕೊಳ್ಳುತ್ತದೆ. 1200ಡಿಯದ್ದನ್ನು ಅಷ್ಟೇ ಎತ್ತಿದರೆ ನೆರಳಿನಲ್ಲಿ ಕಾಳು ಕಾಳು, ಮೇಲಿಂದ ಪಟ್ಟೆ ಪಟ್ಟೆ ಬರುತ್ತದೆ. ಭಾವ ಇದಕ್ಕೆ ಬ್ರಾಕೆಟಿಂಗ್ ಮಾಡುತ್ತಾರೆ, ಮೂರು ಬೆಳಕಿನಲ್ಲಿ ಮೂರು ಫೋಟೊ ತೆಗೆದು ಸೇರಿಸುವುದು. ಕ್ಯಾನನ್‌ನಲ್ಲಿ ಆ ಮೂರು ಫೋಟೊಗಳ ಬೆಳಕು ತಾನಾಗಿ ಬದಲಾಗುತ್ತದೆ, ಡಿ3200ರಲ್ಲಿ ಆ ಸೌಲಭ್ಯವೇ ಇಲ್ಲ. ತಮಾಷೆ ನೋಡಿ, ಬೇಕಾದವನಿಗೆ ಕೊಟ್ಟಿದ್ದಾರೆ, ಬೇಡದವನಿಗೆ ಕೊಟ್ಟಿಲ್ಲ. ಮರಳಿನ ಜಾಗದಲ್ಲಿ ಇನ್ನೊಂದು ಸಂಗತಿ: ನಿಕಾನ್ ತನ್ನ ಸೆನ್ಸರನ್ನು ತಾನೇ ಅಲುಗಾಡಿಸಿ ಧೂಳು ಕೊಡವಿಕೊಳ್ಳುತ್ತದೆ, 1200ಡಿಗೆ ಅದು ಬರುವುದಿಲ್ಲ. ಬೀಚಿನಲ್ಲಿ ಲೆನ್ಸ್ ಬಿಚ್ಚಲೇಬೇಡಿ.

ವೀಡಿಯೊ. ಎರಡೂ ಫುಲ್ ಎಚ್‌ಡಿ ತೆಗೆಯುತ್ತವೆ. ನಿಕಾನ್‌ಗೆ ಹೊರಗಿನ ಮೈಕ್ ಚುಚ್ಚುವ ಜಾಗ ಇದೆ, ಕ್ಯಾನನ್‌ಗೆ ಇಲ್ಲ. ಆದರೆ ನಿಕಾನ್‌ನಲ್ಲಿ ಲೈವ್ ವ್ಯೂ (ಹಿಂದಿನ ಸ್ಕ್ರೀನಿನಲ್ಲಿ ನೋಡಿ ತೆಗೆಯುವುದು) ಶುರುವಾದ ಮೇಲೆ ಅಪರ್ಚರ್ (ಆ ಎಫ್ ಸಂಖ್ಯೆ) ಬದಲಾಯಿಸಲು ಆಗದು. ಹೊರಗೆ ಬಂದು ಬದಲಾಯಿಸಿ ಮತ್ತೆ ಒಳಗೆ ಹೋಗಬೇಕು. ಕ್ಯಾನನ್‌ನಲ್ಲಿ ಶಟರ್, ಅಪರ್ಚರ್, ಐಎಸ್‌ಒ ಮೂರೂ ನಿಮ್ಮ ಕೈಯಲ್ಲಿ. ನಾನಾದರೆ ಚಿತ್ರಕ್ಕೆ ಕ್ಯಾನನ್, ಮಾತಿಗೆ ಫೋನ್ ಅಂತ ಮಾಡುತ್ತೇನೆ. ಮಾತಾಡುವವರ ಜೇಬಿನಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಆಮೇಲೆ ಧ್ವನಿ ಕೂಡಿಸುವುದು ಸುಲಭ. ನಮ್ಮ ಕರೆಂಟ್ 50 ಹರ್ಟ್ಸ್, ಆದ್ದರಿಂದ ಸೆಟ್ಟಿಂಗನ್ನು ಪಾಲ್ (PAL) ಅನ್ನುವ ವೀಡಿಯೊ ಪದ್ಧತಿಗೆ, 25 ಫ್ರೇಮಿಗೆ, ಶಟರನ್ನು 50ರಲ್ಲೊಂದಕ್ಕೆ ಇಡಿ. ಇಲ್ಲದಿದ್ದರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣಮಿಣ ಅನ್ನುತ್ತದೆ. ಇಡೀ ಪ್ರಸಂಗವನ್ನು ಒಂದೇ ಸಮನೆ ರೆಕಾರ್ಡ್ ಮಾಡುವ ಆಸೆ ಇದ್ದರೆ ಬಿಡಿ, ಎರಡೂ ಅರ್ಧ ಗಂಟೆಯೊಳಗೆ ತಾವಾಗಿ ನಿಲ್ಲುತ್ತವೆ. ಓಡಾಡುವವರ ಮೇಲೆ ಫೋಕಸ್ ಹಿಡಿದುಕೊಂಡು ಹೋಗುವುದರಲ್ಲಿ ನಿಮ್ಮ ಈಗಿನ ಫೋನೇ ಎರಡಕ್ಕಿಂತ ಮೇಲು.

ನಿಮ್ಮ ಪ್ರಶ್ನೆಯಲ್ಲಿ ಮೊದಲು ಬಂದದ್ದು ಆಟ. ಹಾಗಾಗಿ 1200ಡಿ ಮತ್ತು 50 ಎಂಎಂ ತಗೊಳ್ಳಿ, ಉದ್ದ ಲೆನ್ಸನ್ನು ಮುಂದಿನ ಕಂಬಳದ ಸೀಸನ್‌ವರೆಗೆ ಮುಂದೂಡಿ. ಅಷ್ಟರಲ್ಲಿ ಯಾರಾದರೂ ಡಿ3200 ಜೊತೆ 35 ಎಂಎಂ ಎಎಫ್-ಎಸ್ ಸೇರಿಸಿ ಕೊಡುತ್ತೇನೆ ಅಂದರೆ ನನ್ನ ಮಾತು ಮರೆತು ಅದನ್ನೇ ತಗೊಳ್ಳಿ.

ನೋಡಲು ಹೋಗುವಾಗ ಒಂದು ಎಸ್‌ಡಿ ಕಾರ್ಡ್, ಒಂದು ಲ್ಯಾಪ್‌ಟಾಪ್ ಒಯ್ಯಿರಿ. ನಿಕಾನ್ ಆದರೆ ಒಂದು ಜೆಪೆಗ್ ತೆಗೆದು ಅದರ ಎಕ್ಸಿಫ್ ಮಾಹಿತಿ (ಫೋಟೊದೊಳಗೆ ಕ್ಯಾಮೆರಾ ಬರೆದಿಡುವ ವಿವರ) ತೆರೆದರೆ ಶಟರ್ ಎಷ್ಟು ಸಲ ಬಿದ್ದಿದೆ ಅಂತ ಸಿಗುತ್ತದೆ. 1200ಡಿ ಫೋಟೊದಲ್ಲಿ ಅದು ಇರುವುದಿಲ್ಲ, ಕೇಬಲ್ ಹಾಕಿ ಬೇರೆ ಸಾಫ್ಟ್‌ವೇರ್‌ನಿಂದ ಓದಬೇಕು. ಎಫ್ 16ಕ್ಕೆ ಇಟ್ಟು ಖಾಲಿ ಆಕಾಶ ತೆಗೆದರೆ ಸೆನ್ಸರಿನ ಧೂಳು ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯ ಫಂಗಸ್. ನಮ್ಮ ಊರಿನ ಮಳೆಗಾಲ ಕಂಡ ಲೆನ್ಸ್ ಅಲ್ವಾ? ಹಿಂದಿನಿಂದ ಫೋನಿನ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಹಾಗೆ ಬಿಳಿ ಎಳೆ ಕಂಡರೆ ಎಷ್ಟು ಅಗ್ಗವಾದರೂ ಬೇಡ. ನನ್ನ ಕಿಟ್ ಲೆನ್ಸ್ ಹಾಗೇ ಹಾಳಾದದ್ದು, ಒಂದು ಜೂನ್‌ನಲ್ಲಿ ಬ್ಯಾಗಿನೊಳಗೆ ಇಟ್ಟದ್ದನ್ನು ಚೌತಿಗೆ ತೆಗೆದು ನೋಡಿದರೆ ಒಳಗೆ ತೋಟವೇ ಬೆಳೆದಿತ್ತು. ಈಗ ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಅದರ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬರುತ್ತದೆ. ಆ ಬಾಣಲೆ ಅಡುಗೆಯದ್ದಾಗದಿರಲಿ. ಆ ವಿಷಯದಲ್ಲಿ ನನ್ನ ಮನೆಯಲ್ಲಿ ಇನ್ನೂ ಜಗಳ ಮುಗಿದಿಲ್ಲ.