ನಲಿ ಕಲಿ ಕ್ಲಾಸಲ್ಲಿ ಗಲಾಟೆನೂ ತಡ್ಯಕ್ಕಾಗ್ತಿಲ್ಲ, ಪೆನ್ಸಿಲ್ಲೂ ಉಳೀತಿಲ್ಲ, ಏನ್ ಮಾಡೋದು?

ಮೇಡಂ, ಒಂದರಿಂದ ಮೂರನೇ ಕ್ಲಾಸ್ ಎಲ್ಲಾ ಒಂದೇ ರೂಮು, 26 ಮಕ್ಕಳು, ನೀವೊಬ್ರೇ, ಓದೋ ಬರೆಯೋ ಹೊತ್ತಲ್ಲಿ ಸಂತೆ ಥರ ಗಲಾಟೆ ಅಂತ ಬರ್ದಿದೀರ. ನಾನು ಹನ್ನೊಂದು ವರ್ಷದಿಂದ ನಲಿ ಕಲಿನೇ, ಅಂದ್ರೆ ಚಿಕ್ಕ ಮಕ್ಕಳು ಚಟುವಟಿಕೆ ಕಾರ್ಡ್ ಇಟ್ಕೊಂಡು ಗುಂಪಲ್ಲಿ ಕಲಿಯೋ ಪದ್ಧತಿನೇ ಮಾಡ್ತಿರೋದು, ಮೊದಲೆರಡು ವರ್ಷ ನಂದೂ ಇದೇ ಕಥೆ, ಡಸ್ಟರ್ ತಗೊಂಡು ಟೇಬಲ್ ಕುಟ್ಟಿ ಕುಟ್ಟಿ ಸಂಜೆ ಹೊತ್ತಿಗೆ ಗಂಟಲೇ ಕಟ್ಟೋಗೋದು.

ಒಂದಿನ ಸುಮ್ನೆ ಕೂತು ಯಾರ್ ಯಾಕೆ ಕೂಗ್ತಾರೆ ಅಂತ ನೋಡ್ದೆ. "ಮಿಸ್ ಕಡ್ಡಿ ಮುರೀತು", "ಮಿಸ್ ಇವ್ನು ರಬ್ಬರ್ ಕೊಡ್ತಿಲ್ಲ", "ಮಿಸ್ ಮೆಂಡರ್ ಯಾರತ್ರ ಇದೆ", ಇನ್ನು ಸ್ಲೇಟ್ ಒರೆಸೋಕೆ ನೀರು ಬೇಕು ಅಂತ ಐದು ಜನ ನಲ್ಲಿ ಹತ್ರ. ಮುಕ್ಕಾಲು ಗಲಾಟೆ ಸಾಮಾನಿನದ್ದೇ!

ಅವತ್ತಿಂದ ಮೆಂಡರ್ ನನ್ ಹತ್ರನೇ. ಪ್ರೇಯರ್‌ಗೆ ಮುಂಚೆ ಹದಿನೈದಿಪ್ಪತ್ತು ಪೆನ್ಸಿಲ್ ಜೀವಿ ಇಟ್ಬಿಡ್ತೀನಿ. ಎರಡು ಐಸ್‌ಕ್ರೀಂ ಡಬ್ಬಿ, ಒಂದ್ರ ಮೇಲೆ ಚೂಪು, ಇನ್ನೊಂದ್ರ ಮೇಲೆ ಮೊಂಡು ಅಂತ ದಪ್ಪಕ್ಷರದಲ್ಲಿ ಬರ್ದಿದೀನಿ, ಕಡ್ಡಿ ಮುರಿದ್ರೆ ಮೊಂಡಿಗೆ ಹಾಕಿ ಚೂಪು ತಗೊಂಡು ಹೋಗ್ತಾ ಇರ್ಬೇಕು, ನನ್ನ ಕೇಳಂಗೇ ಇಲ್ಲ. ನಲಿ ಕಲಿಲಿ ಮೊದಲು ಕಲಿಸೋ ರ ಗ ಸ ದ ಅ ಅಕ್ಷರಗಳನ್ನೇ ಇನ್ನೂ ದಾಟದೇ ಇರೋ ಒಬ್ಳು ಪುಟ್ಟಿ ಆ ಎರಡು ಪದ ಓದೋಕೆ ಶುರು ಮಾಡಿದ್ಳು, ಆಮೇಲೆ ಪಕ್ಕದ ಹುಡುಗನ್ನೇ ಮೊಂಡು ಅಂತ ಕರೆದು ಅದೊಂದು ಜಗಳ, ಇರ್ಲಿ ಬಿಡಿ. ಸ್ಲೇಟಿಗೆ ಹಳೇ ಟವೆಲ್ ಹರಿದು ಗುಂಪಿಗೊಂದು ತುಂಡು ಒದ್ದೆ ಮಾಡಿ ಕೊಡಿ, ನಲ್ಲಿ ಯಾತ್ರೆನೂ ನಿಲ್ಲುತ್ತೆ, ಎಂಜಲು ಹಚ್ಚಿ ಒರೆಸೋದೂ ನಿಲ್ಲುತ್ತೆ.

ಕಾರ್ಡಿಗೆ ಏನ್ ಮಾಡಿ ಅಂದ್ರೆ, ಪ್ರತಿ ಮಗುಗೆ ಹೆಸರು ಬರ್ದಿರೋ ಬಟ್ಟೆ ಕ್ಲಿಪ್ ಒಂದು, ಕಾರ್ಡ್ ತಗೊಂಡ್ರೆ ಆ ಟ್ರೇ ಅಂಚಿಗೆ ತನ್ನ ಕ್ಲಿಪ್ ಸಿಗಿಸ್ಬೇಕು, ವಾಪಸ್ ಇಟ್ಮೇಲೆ ತೆಗೀಬೇಕು. ಊಟದ ಬೆಲ್ ಹೊತ್ತಿಗೆ ಯಾರ ಕ್ಲಿಪ್ ಉಳಿದಿದೆ ಅಂತ ಮಕ್ಕಳೇ ಕೂಗಿ ಹೇಳ್ತಾರೆ.

ಇನ್ನು ಪೂರ್ತಿ ಸೈಲೆಂಟ್ ಆಗ್ಲಿ ಅಂತ ಮಾತ್ರ ಕಾಯ್ಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶಾಲೆಗಳಲ್ಲಿ ಇದು ಶುರುವಾದಾಗಿಂದ್ಲೂ ಮಕ್ಕಳು ತಾವೇ ಎದ್ದು ಕಾರ್ಡ್ ತಂದು ಗುಂಪಲ್ಲಿ ಕೂತು ಒಬ್ರನ್ನೊಬ್ರು ಕೇಳ್ಕೊಂಡು ಕಲೀಲಿ ಅನ್ನೋದೇ ಲೆಕ್ಕ, ಮಾತಿಲ್ದೆ ಅದು ಹೆಂಗಾಗುತ್ತೆ? ಒಂದನೇ ಕ್ಲಾಸಿನವು ಬೆರಳಿಟ್ಕೊಂಡು ಗುಣುಗುಣು ಅಂತ ಬಾಯ್ಬಿಟ್ಟೇ ಓದ್ಬೇಕು, ಅದನ್ನ ಗದರಿಸಿ ನಿಲ್ಲಿಸಿದ್ರೆ ಓದೋದನ್ನೇ ನಿಲ್ಲಿಸ್ತಾವೆ. ಒಂದ್ಸಲ ವಿಸಿಟ್‌ಗೆ ಬಂದವರೊಬ್ರು ಬಾಗಿಲಲ್ಲೇ ನಿಂತು ಏನಮ್ಮ ಇಷ್ಟು ಗಲಾಟೆ ಅಂದ್ರು, ಒಳಗೆ ಬಂದು ಯಾವ್ ಮಗುನಾದ್ರೂ ಓದ್ಸಿ ನೋಡಿ ಸರ್ ಅಂದೆ, ಬರ್ಲಿಲ್ಲ. ನಾನು ಮಾಡೋದಿಷ್ಟೇ, ಸಂಪೂರ್ಣ ಶಿಕ್ಷಕರ ಸಹಾಯದ ತಟ್ಟೆ, ಅಂದ್ರೆ ನಾನೇ ಕೂತು ಹೇಳ್ಕೊಡ್ಬೇಕಾದ ಗುಂಪು, ನನ್ ಪಕ್ಕ, ತಾವೇ ಕಲಿಯೋ ಸ್ವಕಲಿಕೆ ಗುಂಪಿನವರು ದೂರದ ಮೂಲೆಲಿ ಗೋಡೆ ಕಡೆ ಮುಖ ಮಾಡಿ. ಗೋಡೆ ಕೆಳಗಿನ ಬೋರ್ಡಲ್ಲಿ ಬರ್ಕೊಂಡಿದ್ರೆ ಹಿಂದೆ ಏನಾಗ್ತಿದೆ ಅಂತ ಅವ್ರಿಗೆ ಗೊತ್ತೇ ಆಗಲ್ಲ.

ರಬ್ಬರಿಗೆ ಮಾತ್ರ ನಂಗೂ ದಾರಿ ಸಿಕ್ಕಿಲ್ಲ. ದಾರ ಪೋಣಿಸಿ ಡಬ್ಬಿಗೆ ಕಟ್ಟಿ ನೋಡ್ದೆ, ಎಳೆದಾಡಿ ಎರಡು ತುಂಡು ಮಾಡಿದ್ರು, ಕಚ್ಚಿ ತಿಂದವರೂ ಇದಾರೆ. ನಿಮಗೇನಾದ್ರೂ ಹೊಳೆದ್ರೆ ಇಲ್ಲೇ ಬರೀರಿ.