ಮನೆಯಲ್ಲಿ ಕೂಸು, ಮುದುಕರನ್ನು ನೋಡಿಕೊಳ್ಳುವುದನ್ನು ದುಡಿಮೆ ಅಂತ ಯಾಕೆ ಲೆಕ್ಕ ಹಿಡಿಯುವುದಿಲ್ಲ? ಅದಕ್ಕೆ ಕೂಲಿ ಕೊಟ್ಟದ್ದು ಎಲ್ಲಾದರೂ ಇದೆಯಾ?

ಇದೆ, ನಾನೇ ನೋಡಿದ್ದೇನೆ. ನಮ್ಮದು ರಾಯಚೂರು ಜಿಲ್ಲೆ, ಲಿಂಗಸುಗೂರು ಕಡೆ ಹಳ್ಳಿ. 2006ರಲ್ಲಿ ಮೊದಲ ಸುತ್ತಿನಲ್ಲೇ ನಮ್ಮ ಜಿಲ್ಲೆಗೆ ಉದ್ಯೋಗ ಖಾತ್ರಿ ಬಂತು. ಆ 2005ರ ಕಾಯ್ದೆಯಲ್ಲಿ ಒಂದು ಮಾತಿತ್ತು: ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೂ ಸಾಕು, ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು. ಎಷ್ಟೋ ಕಡೆ ಅದು ಕಾಗದದಲ್ಲೇ ಉಳಿಯಿತು ಬಿಡಿ. ನಮ್ಮೂರ ಕೆರೆ ಹೂಳೆತ್ತುವಾಗ ಮಾತ್ರ ಸೊಂಟ ನೋವಿದ್ದ ನಮ್ಮ ಚಿಗವ್ವನನ್ನು ಜಾಲಿ ಗಿಡದ ಕೆಳಗೆ ಕೂರಿಸಿದ್ದರು. ಸೀರೆ ಕಟ್ಟಿದ ಎರಡು ಜೋಲಿ, ಒಂದು ಕೊಡ ನೀರು, ಏಳು ಕೂಸು. ಬುಟ್ಟಿ ಹೊತ್ತವರಿಗೆ ಸಿಕ್ಕಷ್ಟೇ ಕೂಲಿ ಅವಳಿಗೂ. "ಕುಂತು ಕೂಲಿ ತಗೋತಾಳ" ಅಂತ ಗಂಡಸರು ಗೊಣಗಿದ್ದೂ ಉಂಟು. ಏಳು ಕೂಸನ್ನು ಒಂದು ತಾಸು ಸುಧಾರಿಸಿ ನೋಡಲಿ, ಗೊತ್ತಾಗುತ್ತೆ!

ಅದೇ ಚಿಗವ್ವ ಸಂಜೆ ಮನೆಗೆ ಬಂದು ತನ್ನ ಮಕ್ಕಳಿಗೆ ಉಣಿಸಿ ಮಲಗಿಸಿದರೆ ಅದು ದುಡಿಮೆ ಅಲ್ಲ. ಯಾಕಂದ್ರೆ ಮನೆಯಲ್ಲಿ ಹಾಜರಿ ಪುಸ್ತಕ ಇಲ್ಲ, ಬಿಟ್ಟಿ ಮಾಡುವವರು ಇರುವ ತನಕ ಲೆಕ್ಕ ಕೇಳುವವರೂ ಇಲ್ಲ. ಜನಗಣತಿ ಕೂಡ ಬರೀ ಮನೆಗೆಲಸ ಮಾಡುವವರನ್ನು ದುಡಿಯದವರ ಸಾಲಿಗೇ ಸೇರಿಸುತ್ತೆ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97.

ಅಂಗನವಾಡಿಯವರದು ಇವೆರಡರ ನಡುವಿನ ಪಾಡು. 1975ರಿಂದ ಊರ ಮಕ್ಕಳನ್ನೆಲ್ಲ ನೋಡಿಕೊಂಡರೂ ಕೈಗೆ ಬರುವುದಕ್ಕೆ ಸಂಬಳ ಅನ್ನುವ ಹೆಸರಿಲ್ಲ, ಗೌರವಧನ ಅಂತಾರೆ. 2006ರಲ್ಲಿ ಕರ್ನಾಟಕದ್ದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಇವರದು ಸರ್ಕಾರಿ ಹುದ್ದೆ ಅಲ್ಲ ಅಂದಿತು. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟಿಗೆ, ಹಕ್ಕಿದೆ ಅನ್ನಿಸಿಕೊಳ್ಳಲು 2022 ಬರಬೇಕಾಯಿತು.

ನಮ್ಮನೆಯ ಲೆಕ್ಕವನ್ನೂ ಹೇಳ್ತೀನಿ. ಪ್ರತಿ ವರ್ಷ ಅಪ್ಪ, ಅವ್ವ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು, ನಾವು ಅಜ್ಜಿ ಹತ್ತಿರ. ಅಜ್ಜಿ ಬಿದ್ದು ಹಾಸಿಗೆ ಹಿಡಿದ ವರ್ಷ ಅವ್ವ ಹೋಗಲಿಲ್ಲ. ಮೇಸ್ತ್ರಿ ಹತ್ತಿರ ಇಬ್ಬರ ಲೆಕ್ಕದಲ್ಲಿ ಮುಂಗಡ ತಂದಾಗಿತ್ತು, ತೀರಿಸಲು ಇನ್ನೊಂದು ವರ್ಷ ಹಿಡಿಯಿತು. ಅಪ್ಪ ಇವತ್ತಿಗೂ ಅದನ್ನು "ನಾನೊಬ್ಬನೇ ದುಡಿದ ವರ್ಷ" ಅಂತಲೇ ಹೇಳುವುದು.